ಲೆನ್ಸ್ ಬಿಚ್ಚಲು ಯಾವ ಸ್ಪ್ಯಾನರ್ ಕೊಳ್ಳಲಿ?

ಪ್ರಶ್ನೆ: ಅಪ್ಪನ ಪೆಂಟಾಕ್ಸ್ ಕೆ1000 ಕ್ಯಾಮೆರಾ ಮನೆಯಲ್ಲಿದೆ. ಅದರ 50 ಎಂಎಂ ಲೆನ್ಸಿನ ಒಳಗೆ ಬೂಸ್ಟು ಹಿಡಿದಿದೆ. ನಾನೇ ಬಿಚ್ಚಿ ಒರೆಸೋಣ ಅಂತಿದ್ದೇನೆ. ಆನ್‌ಲೈನ್‌ನಲ್ಲಿ ಹತ್ತಾರು ಬಗೆಯ ಲೆನ್ಸ್ ಸ್ಪ್ಯಾನರ್ (ಲೆನ್ಸಿನ ರಿಂಗ್ ತಿರುಗಿಸುವ ಎರಡು ಕಾಲಿನ ಉಪಕರಣ) ಕಾಣುತ್ತವೆ. ಯಾವುದು ಕೊಳ್ಳಲಿ? ಕೈವಾರದಲ್ಲೇ ಕೆಲಸ ಆಗುವುದಿಲ್ಲವೇ?
– ಓದುಗರು, ಮಂಡ್ಯ

ಉತ್ತರ: ಕೈವಾರವನ್ನು ಮಕ್ಕಳ ಜಾಮಿಟ್ರಿ ಬಾಕ್ಸಿಗೇ ವಾಪಸ್ ಹಾಕಿಬಿಡಿ. ಬಲ ಹಾಕಿ ತಿರುಗಿಸಿದ ತಕ್ಷಣ ಅದರ ಕಾಲುಗಳು ಅಗಲ ಆಗುತ್ತವೆ, ಮುಳ್ಳು ಜಾರಿ ಗಾಜಿನ ಮೇಲೆ ಹರಿಯುತ್ತದೆ. ಬೂಸ್ಟನ್ನು ಬೇಗ ಒರೆಸಿದರೆ ಹೋದೀತು, ಗೀರು ಹೋಗುವುದಿಲ್ಲ.

ನಿಮ್ಮ ಲೆನ್ಸಿಗೆ ಮೊದಲು ಬೇಕಾದದ್ದು ಸ್ಪ್ಯಾನರೇ ಅಲ್ಲ, ರಬ್ಬರ್. ಆ ಕಾಲದ ಜಪಾನಿ ಲೆನ್ಸುಗಳಲ್ಲಿ ಮುಂದುಗಡೆ ಹೆಸರು ಕೆತ್ತಿದ ರಿಂಗ್ ಇರುತ್ತದಲ್ವಾ, ಅದಕ್ಕೆ ಸಾಮಾನ್ಯವಾಗಿ ಸ್ಲಾಟೇ (ಉಪಕರಣದ ತುದಿ ಕೂರುವ ಸೀಳು) ಇರುವುದಿಲ್ಲ. ರಬ್ಬರ್ ಒತ್ತಿಹಿಡಿದು ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದಕ್ಕೆಂದೇ ರಬ್ಬರ್ ಸೆಟ್ ಮಾರುತ್ತಾರೆ. ಸಿಂಕಿಗೆ ಹಾಕುವ ರಬ್ಬರ್ ಮುಚ್ಚಳವೂ ಆದೀತು. ನಿಮ್ಮ ಲೆನ್ಸಿನ ಫಿಲ್ಟರ್ ಥ್ರೆಡ್, ಅಂದರೆ ಮುಂದುಗಡೆ ಫಿಲ್ಟರ್ ಕೂರುವ ತಿರುಪಿನ ಅಂಚು, ಸಾಮಾನ್ಯವಾಗಿ 49 ಎಂಎಂ, ಅದರೊಳಗೆ ಇಳಿಯುವ ಅಳತೆ ನೋಡಿಕೊಳ್ಳಿ. ಗಾಜಿಗೆ ತಾಗದ ಹಾಗೆ ನಡುವೆ ಕೊರೆದುಕೊಳ್ಳಿ.

ಒಳಗೆ ಗಾಜನ್ನು ಹಿಡಿದಿರುವ ರಿಂಗುಗಳಿಗೆ ಎದುರುಬದುರಾಗಿ ಎರಡು ಸ್ಲಾಟ್ ಅಥವಾ ಎರಡು ತೂತು ಇರುತ್ತವೆ. ಸ್ಪ್ಯಾನರ್ ಬೇಕಾಗುವುದು ಇಲ್ಲಿ. ಸ್ಲಾಟಿಗೆ ಚಪ್ಪಟೆ ತುದಿ, ತೂತಿಗೆ ಚೂಪು ತುದಿ. ಕಡ್ಡಿಯ ಮೇಲೆ ಎರಡು ಕಾಲು ಸರಿಸಿ ತಿರುಪು ಬಿಗಿಯುವ ಬಗೆಯನ್ನೇ ಕೊಳ್ಳಿ. ಹಲವು ಸ್ಪ್ಯಾನರುಗಳಲ್ಲಿ ಕಾಲನ್ನು ತಲೆಕೆಳಗು ಮಾಡಿದರೆ ಇನ್ನೊಂದು ಬಗೆಯ ತುದಿ ಸಿಗುತ್ತದೆ. ಇಕ್ಕಳದ ಹಾಗೆ ಅಗಲಿಸುವ ಬಗೆ ಬೇಡ, ಅದೂ ಕೈವಾರದ ಅಣ್ಣನೇ.

ಕೈಗೆ ಬಂದ ಮೇಲೆ ತಿರುಪು ಬಿಗಿದು ಕಾಲುಗಳನ್ನು ಬೆರಳಲ್ಲಿ ತಿರುಚಿ ನೋಡಿ. ಅಲುಗಾಡಿದರೆ ಅವತ್ತೇ ವಾಪಸ್ ಕಳಿಸಿ. ಕನ್ನಡಿ ಮೇಲೆ ನೆಟ್ಟಗೆ ನಿಲ್ಲಿಸಿ, ಎರಡು ತುದಿಯೂ ಒಟ್ಟಿಗೆ ತಾಗಬೇಕು. ಒಂದು ಕೂದಲೆಳೆ ಮೇಲಿದ್ದರೂ ಬಲವೆಲ್ಲ ಒಂದೇ ಸ್ಲಾಟಿನ ಮೇಲೆ ಬಿದ್ದು ಅದರ ಅಂಚು ಕಿತ್ತುಹೋಗುತ್ತದೆ. ತುದಿ ಸ್ಲಾಟಿನೊಳಗೆ ಭರ್ತಿಯಾಗಿ ಕೂರಬೇಕು. ದಪ್ಪ ಇದ್ದರೆ ಸಣ್ಣ ಅರದಿಂದ ಉಜ್ಜಿಕೊಳ್ಳಿ. ತೆಳ್ಳಗಿದ್ದರೆ ಏನೂ ಮಾಡಲಾಗದು, ಜಾರುತ್ತದೆ. ಇಪ್ಪತ್ತು ಪೀಸಿನ ಅಗ್ಗದ ಸೆಟ್ಟಿಗೆ ಮರುಳಾಗಬೇಡಿ. ಗಟ್ಟಿ ಉಕ್ಕಿನದು ಒಂದೇ ಸಾಕು.

ಬಿಚ್ಚುವ ಮುಂಚೆ ಗಾಜಿನ ಅಳತೆಗೆ ದಪ್ಪ ಕಾಗದ ಕತ್ತರಿಸಿ ಮೇಲಿಡಿ. ಕೆಳಕ್ಕೆ ಒತ್ತುವ ಬಲ ಜಾಸ್ತಿ ಇರಲಿ, ತಿರುಗಿಸುವ ಬಲ ಕಡಿಮೆ. ಜಗ್ಗದಿದ್ದರೆ ಫ್ಯಾಕ್ಟರಿಯಲ್ಲಿ ರಿಂಗ್ ಸಡಿಲವಾಗದಿರಲೆಂದು ಲ್ಯಾಕರ್ (ಒಣಗಿ ಗಟ್ಟಿಯಾಗುವ ವಾರ್ನಿಶ್) ಹಾಕಿರಬಹುದು. ಹಲ್ಲುಕಡ್ಡಿಯಲ್ಲಿ ಒಂದು ಹನಿ ಅಸಿಟೋನನ್ನು ಥ್ರೆಡ್ಡಿಗೆ ಮುಟ್ಟಿಸಿ, ಸ್ವಲ್ಪ ಹೊತ್ತು ಬಿಡಿ. ಪ್ಲಾಸ್ಟಿಕ್‌ಗೂ ಅಕ್ಷರದ ಬಣ್ಣಕ್ಕೂ ಅದು ಸೋಕಬಾರದು. ಎಣ್ಣೆಯ ಸ್ಪ್ರೇ ಮಾತ್ರ ಬೇಡವೇ ಬೇಡ, ಹರಿದು ಅಪರ್ಚರ್ ಎಲೆಗಳಿಗೆ (ಒಳಬರುವ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ತೆಳು ತಗಡುಗಳಿಗೆ) ಅಂಟುತ್ತದೆ. ಅಪರ್ಚರ್ ರಿಂಗನ್ನೂ ಬಿಚ್ಚುವುದಾದರೆ ತಟ್ಟೆಯ ಮೇಲೆ ಬಟ್ಟೆ ಹಾಸಿಕೊಳ್ಳಿ. ಅದರಡಿ ಸಾಸಿವೆಗಿಂತ ಸಣ್ಣ ಉಕ್ಕಿನ ಗುಂಡು ಇರುತ್ತದೆ, ಹಾರಿದರೆ ಸಿಗುವುದಿಲ್ಲ.

ಪ್ರಶ್ನೆ: ಹಳೆ ಜಪಾನಿ ಕ್ಯಾಮೆರಾದ ಸ್ಕ್ರೂ ಬಿಚ್ಚುವಾಗಲೆಲ್ಲ ತಲೆ ಸವೆದುಹೋಗುತ್ತದೆ. ಸ್ಕ್ರೂಡ್ರೈವರ್ ಹೊಸದೇ. ಏಕೆ ಹೀಗೆ?
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮದು ಫಿಲಿಪ್ಸ್ ಡ್ರೈವರ್ ಇರಬೇಕು. ಜಪಾನಿ ಕ್ಯಾಮೆರಾಗಳಲ್ಲಿ ಇರುವುದು ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಸ್ಕ್ರೂ. ನೋಡಲು ಎರಡೂ ಪ್ಲಸ್ ಗುರುತೇ, ಆದರೆ ಫಿಲಿಪ್ಸ್ ತುದಿ ಇದರಲ್ಲಿ ತಳದವರೆಗೆ ಇಳಿಯುವುದಿಲ್ಲ. ಮೇಲೆದ್ದು ತಲೆಯನ್ನು ತಿಂದುಹಾಕುತ್ತದೆ. ಜೆಐಎಸ್ ಎಂದೇ ಕೇಳಿ 0, 00 ಅಳತೆಯವನ್ನು ತರಿಸಿಕೊಳ್ಳಿ. ಜಪಾನಿನ ವೆಸ್ಸೆಲ್ ಕಂಪನಿಯವು ಚೆನ್ನಾಗಿವೆ. ಈಗಾಗಲೇ ಸವೆದ ಸ್ಕ್ರೂಗಳನ್ನು ಸುಮ್ನೆ ಕೆದಕಬೇಡಿ, ಹೊಸ ಡ್ರೈವರ್ ಬರುವವರೆಗೆ ಹಾಗೇ ಇರಲಿ.