ಪುಣೆಯಲ್ಲಿ ಓದುತ್ತಲೇ ವ್ಯಾಪಾರ, ಎನ್‌ಜಿಒ ಎರಡೂ ಶುರು ಮಾಡಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ನೀವು ನಾಲ್ಕು ಜನ ಗೆಳೆಯರು, ಪುಣೆಯಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ, ಎಲ್ಲರೂ ವಿಜಯಪುರ, ಕಲಬುರಗಿ ಕಡೆಯವರು. ಊರಿನಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತರಿಸಿ ಪಿಜಿಗಳಿಗೆ, ಐಟಿ ಮಂದಿಗೆ ಮಾರಬೇಕು ಅಂತಿದ್ದೀರಿ. ಹಿಂಜೆವಾಡಿ ಕಡೆ ಕಟ್ಟಡ ಕೆಲಸಕ್ಕೆ ಬಂದಿರುವ ನಮ್ಮ ಕಡೆಯ ಕೂಲಿಯವರ ಮಕ್ಕಳಿಗೆ ಭಾನುವಾರ ಪಾಠವನ್ನೂ ಹೇಳಿಕೊಡುತ್ತಿದ್ದೀರಿ. ಕಂಪನಿ ಮಾಡಬೇಕಾ, ಎನ್‌ಜಿಒ ಮಾಡಬೇಕಾ, ಎರಡನ್ನೂ ಒಂದೇ ಹೆಸರಲ್ಲಿ ನಡೆಸಬಹುದಾ, ಮೊದಲು ಯಾವುದನ್ನು ನೋಂದಾಯಿಸಬೇಕು?

ನಾನು ಕರ್ವೆ ರಸ್ತೆಯ ಹತ್ತಿರ ಲೆಕ್ಕಪತ್ರ, ಟ್ಯಾಕ್ಸ್ ಕೆಲಸ ಮಾಡುವವನು. ಊರು ಇಂಡಿ. ಕನ್ನಡದಲ್ಲಿ ಮಾತಾಡಬಹುದು ಅಂತ ನಿಮ್ಮಂಥ ಹುಡುಗ ಹುಡುಗಿಯರು ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ನನ್ನ ಉತ್ತರ ಇದು. ಎರಡನ್ನೂ ಮಾಡಿ, ಆದರೆ ಬೇರೆ ಬೇರೆ ಇಡಿ. ಸದ್ಯಕ್ಕೆ ಕಂಪನಿಯೂ ಬೇಡ, ಟ್ರಸ್ಟೂ ಬೇಡ. ಮೊದಲು ನಾಲ್ವರೂ ಕೂತು ಒಂದು ಮಾತು ಇತ್ಯರ್ಥ ಮಾಡಿಕೊಳ್ಳಿ: ಡಿಗ್ರಿ ಮುಗಿದು ಒಬ್ಬ ಬೆಂಗಳೂರಿಗೆ, ಒಬ್ಬ ಜರ್ಮನಿಗೆ ಹೋದ ಮೇಲೆ ಇದನ್ನು ನಡೆಸುವವರು ಯಾರು? ರೊಟ್ಟಿ ವ್ಯಾಪಾರ ನಿಂತರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಪಾಠ ನಿಂತರೆ ಆ ಮಕ್ಕಳಿಗೆ ಪಕ್ಕದ ಅಂಗಡಿ ಇಲ್ಲ.

ಮೊದಲು ವ್ಯಾಪಾರದ ಮಾತು, ಅದು ಸುಲಭ.

ನನ್ನ ಹತ್ತಿರ ಬರುವ ಹುಡುಗರಲ್ಲಿ ಅರ್ಧಕ್ಕರ್ಧ ಜನ ಮೊದಲೇ ಪ್ರೈವೇಟ್ ಲಿಮಿಟೆಡ್ ಮಾಡಿಸಿಕೊಂಡೇ ಬಂದಿರುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಹೆಸರಿನ ಮುಂದೆ ಡೈರೆಕ್ಟರ್ ಅಂತ ಬರೆದುಕೊಳ್ಳುವುದು ಚೆನ್ನಾಗಿರುತ್ತೆ, ಒಪ್ಪುತ್ತೇನೆ. ಆದರೆ ಕಂಪನಿ ಒಂದು ರೂಪಾಯಿ ವ್ಯಾಪಾರ ಮಾಡದಿದ್ದರೂ ಪ್ರತಿ ವರ್ಷ ಆಡಿಟ್ ಆಗಲೇಬೇಕು. ಲೆಕ್ಕಪತ್ರ ಮತ್ತು ವಾರ್ಷಿಕ ವರದಿ ಸಲ್ಲಿಸುವುದು ತಡವಾದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಸತತ ಮೂರು ವರ್ಷ ಸಲ್ಲಿಸದಿದ್ದರೆ ಡೈರೆಕ್ಟರುಗಳು ಐದು ವರ್ಷ ಅನರ್ಹರು, ಬೇರೆ ಕಂಪನಿಯಲ್ಲೂ ಆ ಕುರ್ಚಿಯಲ್ಲಿ ಕೂರುವ ಹಾಗಿಲ್ಲ. ಇದು ಸುಮ್ನೆ ಹೆದರಿಸುವ ಮಾತಲ್ಲ. 2017ರಲ್ಲಿ ಸರ್ಕಾರ ಹೀಗೆ 3 ಲಕ್ಷಕ್ಕೂ ಹೆಚ್ಚು ಡೈರೆಕ್ಟರುಗಳನ್ನು ಒಂದೇ ಏಟಿಗೆ ಅನರ್ಹಗೊಳಿಸಿತ್ತು.

ನಿಮಗೆ ಈಗ ಸಾಕಾಗುವುದು ಪಾಲುದಾರಿಕೆ. ಸ್ಟ್ಯಾಂಪ್ ಪೇಪರಿನ ಮೇಲೆ ಒಂದು ಪತ್ರ, ಅದರ ಹೆಸರಲ್ಲಿ ಪ್ಯಾನ್, ಬ್ಯಾಂಕ್ ಖಾತೆ. ಜೊತೆಗೆ ಶಾಪ್ ಆಕ್ಟ್, ಅಂದರೆ ಅಂಗಡಿ ಕಾಯಿದೆಯ ಕೆಳಗಿನ ನೋಂದಣಿ. ಮುಂಬೈಯವರು ಇದನ್ನೇ ಗುಮಾಸ್ತಾ ಅನ್ನುತ್ತಾರೆ. ಆಳುಕಾಳು ಇಲ್ಲದ ಸಣ್ಣ ವ್ಯಾಪಾರಕ್ಕೆ ಆನ್‌ಲೈನಿನಲ್ಲಿ ಮಾಹಿತಿ ಕೊಟ್ಟರೆ ಕೆಲಸ ಮುಗಿಯುತ್ತೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಬಿಟ್ಟಿ, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ತಿನ್ನುವ ಪದಾರ್ಥ ಆದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾತ್ರ ಬಿಡುವಂತಿಲ್ಲ. ಜಿಎಸ್‌ಟಿ ವಿಷಯದಲ್ಲಿ ಒಂದು ಎಚ್ಚರಿಕೆ. ವರ್ಷಕ್ಕೆ 40 ಲಕ್ಷದ ವ್ಯಾಪಾರದವರೆಗೆ ನೋಂದಣಿ ಬೇಡ ಅಂತ ಎಲ್ಲರೂ ಹೇಳುತ್ತಾರೆ. ಆದರೆ ತೆರಿಗೆ ಇರುವ ಮಾಲನ್ನು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮಾರುವವರಿಗೆ ಆ ವಿನಾಯಿತಿ ಸಿಗುವುದಿಲ್ಲ. ನಿಮ್ಮ ಮಾಲು ಗಡಿ ದಾಟಿ ಬರುತ್ತೆ, ಅಲ್ವಾ? ಊರಿನಲ್ಲಿ ನಿಮಗೆ ಯಾರು, ಯಾವ ಬಿಲ್ಲಿನ ಮೇಲೆ ಕೊಡುತ್ತಾರೆ ಅನ್ನುವುದನ್ನು ಮೊದಲೇ ತಿಳಿದುಕೊಳ್ಳಿ.

ಕಾಗದಕ್ಕಿಂತ ಲೆಕ್ಕ ದೊಡ್ಡದು. ಕರ್ವೆನಗರದ ಇಬ್ಬರು ಹಾಸ್ಟೆಲ್ ಹುಡುಗಿಯರು ನಿಮ್ಮ ಹಾಗೇ ಕಡಕ್ ರೊಟ್ಟಿ ತರಿಸಿ ಮಾರುತ್ತಿದ್ದರು. ವಿಜಯಪುರದಿಂದ ರಾತ್ರಿ ಬಸ್ಸಿಗೆ ಹಾಕಿದ ಡಬ್ಬ ಬೆಳಗ್ಗೆ ಸ್ವಾರಗೇಟಿಗೆ ಬರುತ್ತಿತ್ತು. ಅವರು ನನಗೆ ತೋರಿಸಿದ್ದು ಒಂದು ಇನ್ನೂರು ಪುಟದ ನೋಟ್‌ಬುಕ್. ಬಂದದ್ದು, ಮಾರಿದ್ದು, ಉದ್ರಿ ಅಂತ ಮೂರು ಅಂಕಣ. ಕೆಂಪು ಪೆನ್ನಿನಲ್ಲಿ ಗೆರೆ ಎಳೆದ ನಾಲ್ಕನೆಯದು "ಮುರಿದದ್ದು". ಡಬ್ಬದ ತಳದ ರೊಟ್ಟಿ ಪ್ರತಿ ಸಲ ಚೂರಾಗಿ ಬರುತ್ತಿತ್ತು. ರೊಟ್ಟಿ ಕೊಂಡ ಬೆಲೆಗೆ ಇಷ್ಟು ಸೇರಿಸಿ ಮಾರಿದರೆ ಲಾಭ ಅಂತ ಅಂದುಕೊಂಡಿದ್ದರು. ಮುರಿದದ್ದನ್ನೂ ಸ್ವಾರಗೇಟಿನಿಂದ ಬರುವ ರಿಕ್ಷಾ ಬಾಡಿಗೆಯನ್ನೂ ಕಳೆದರೆ ಕೈಗೆ ಉಳಿಯುತ್ತಿದ್ದದ್ದು ಚಹಾದ ದುಡ್ಡು. ಆಮೇಲೆ ಎರಡು ಕೆಲಸ ಮಾಡಿದರು. ದೊಡ್ಡ ಡಬ್ಬ ಬಿಟ್ಟು ಸಣ್ಣ ರಟ್ಟಿನ ಡಬ್ಬಗಳಲ್ಲಿ ತರಿಸಿದರು. ಚೂರಾದ ರೊಟ್ಟಿಯನ್ನು ಶೇಂಗಾ ಚಟ್ನಿಯ ಸಣ್ಣ ಪೊಟ್ಟಣದ ಜೊತೆ ಕಟ್ಟಿ ಬೇರೆಯಾಗಿ ಮಾರಿದರು. ಮುರಿದ ರೊಟ್ಟಿಗೆ ಚಟ್ನಿ, ಉಳ್ಳಾಗಡ್ಡಿ, ಎಣ್ಣೆ ಕಲಸಿ ತಿನ್ನುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಪಿಜಿ ಹುಡುಗರು ಅದನ್ನೇ ಮೊದಲು ಖಾಲಿ ಮಾಡುತ್ತಿದ್ದರಂತೆ. ಹೂಡಿಕೆದಾರರಿಗೆ ತೋರಿಸಲು ಇಪ್ಪತ್ತು ಸ್ಲೈಡು ಮಾಡಿಕೊಂಡು ಬರುವವರಿಗಿಂತ ಆ ಕೆಂಪು ಅಂಕಣ ಬರೆದವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಪೇಪರಿನಲ್ಲಿ ಬರುವ ದೊಡ್ಡ ಕಥೆಗಳನ್ನು ಓದಿ, ಆದರೆ ಸರಿಯಾದ ಕಡೆ ನೋಡಿ. 2018ರಲ್ಲಿ ಮುಂಬೈಯ 13 ವರ್ಷದ ಹುಡುಗ ತಿಲಕ್ ಮೆಹ್ತಾ 'ಪೇಪರ್ಸ್ ಎನ್ ಪಾರ್ಸೆಲ್ಸ್' ಅಂತ ಪಾರ್ಸೆಲ್ ಸೇವೆ ಶುರು ಮಾಡಿದ. ಎಲ್ಲರೂ ಅವನ ವಯಸ್ಸನ್ನೇ ಬರೆದರು. ನನಗೆ ಜಾಣತನ ಕಂಡದ್ದು ಬೇರೆ ಕಡೆ. ಸಾಗಿಸುವ ಕೆಲಸಕ್ಕೆ ಹೊಸ ಹುಡುಗರನ್ನು ಹುಡುಕದೆ ಮುಂಬೈಯ ಡಬ್ಬಾವಾಲಾಗಳನ್ನೇ ಬಳಸಿಕೊಂಡ. ನೂರು ವರ್ಷಕ್ಕೂ ಮಿಕ್ಕಿ ಓಡಾಡುತ್ತಿರುವ ಜಾಲ ಅದು. ಐಐಟಿ ಬಾಂಬೆಯಲ್ಲಿ ಓದಿದವರು 2007ರಲ್ಲಿ ಕಟ್ಟಿದ ಡ್ರೋನ್ ಕಂಪನಿ ಐಡಿಯಾಫೋರ್ಜ್ ಷೇರುಪೇಟೆಗೆ ಬಂದದ್ದು 2023ರಲ್ಲಿ. ನಡುವೆ ಹದಿನಾರು ವರ್ಷ. ಮನೆಗೆ ದಿನಸಿ ತಲುಪಿಸುವ ಝೆಪ್ಟೊ ಕಂಪನಿ ಕಟ್ಟಿದ ಇಬ್ಬರು ಹುಡುಗರು ಸ್ಟ್ಯಾನ್‌ಫರ್ಡ್ ಬಿಟ್ಟರು ಅನ್ನುವುದನ್ನಷ್ಟೇ ಹಿಡಿದುಕೊಂಡು ಕಾಲೇಜು ಬಿಡುತ್ತೇನೆ ಅನ್ನುವವರು ನನ್ನ ಹತ್ತಿರ ಬಂದರೆ ಮೊದಲು ಅವರ ಅಪ್ಪನ ನಂಬರ್ ಕೇಳುತ್ತೇನೆ.

ಈಗ ಪಾಠದ ವಿಷಯ. ಇಲ್ಲಿ ನಿಧಾನವಾಗಿ ಓದಿ.

ನೀವು ಮಾಡುತ್ತಿರುವ ಕೆಲಸ ಪುಣೆ, ಮುಂಬೈಗಳಿಗೆ ಹೊಸದಲ್ಲ. ಡೋರ್ ಸ್ಟೆಪ್ ಸ್ಕೂಲ್ 1988ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಕಟ್ಟಿದವರು ಸಮಾಜಕಾರ್ಯ ಕಲಿಸುತ್ತಿದ್ದ ರಜನಿ ಪರಾಂಜಪೆ ಮತ್ತು ಅವರ ವಿದ್ಯಾರ್ಥಿನಿ ಬೀನಾ ಲಷ್ಕರಿ. ಶಾಲೆಗೆ ಬರಲಾಗದ ಮಕ್ಕಳಿದ್ದಲ್ಲಿಗೇ ಶಾಲೆ ಹೋಗಬೇಕು ಅನ್ನುವುದು ಅವರ ಲೆಕ್ಕ. ಬಸ್ಸಿನೊಳಗೇ ತರಗತಿ ನಡೆಸುತ್ತಾರೆ. ಪುಣೆಯಲ್ಲಿ ಕಟ್ಟಡದ ಸೈಟುಗಳಲ್ಲೇ ಅವರ ಕೆಲಸ ಜಾಸ್ತಿ. ಶಾಹೀನ್ ಮಿಸ್ತ್ರಿ ಮುಂಬೈಯ ಸೇಂಟ್ ಝೇವಿಯರ್ಸ್‌ನಲ್ಲಿ ಓದುತ್ತಿದ್ದಾಗ 1989ರಲ್ಲಿ ಬಡ ಮಕ್ಕಳಿಗೆ ಪಾಠ ಹೇಳುವ ಆಕಾಂಕ್ಷಾ ಸಂಸ್ಥೆಯ ಮೊದಲ ಕೇಂದ್ರ ತೆರೆದರು. ಅವರೇ ಕಟ್ಟಿದ ಟೀಚ್ ಫಾರ್ ಇಂಡಿಯಾ ಬಂದದ್ದು ಅದಾಗಿ ಸುಮಾರು ಇಪ್ಪತ್ತು ವರ್ಷಕ್ಕೆ. ಈ ಎರಡೂ ಕಡೆ ಒಂದು ವಿಷಯ ಗಮನಿಸಿ. ಓದು ಮುಗಿದ ಮೇಲೂ ಅವರು ಆ ಕೆಲಸದಲ್ಲೇ ಉಳಿದರು. ಒಂದು ಕಡೆ ವಿದ್ಯಾರ್ಥಿನಿಯ ಪಕ್ಕದಲ್ಲಿ ಅವರಿಗೆ ಪಾಠ ಹೇಳಿದ ಟೀಚರೇ ಇದ್ದರು.

ನಿಮ್ಮಲ್ಲಿ ಯಾರೂ ಉಳಿಯುವವರಿಲ್ಲ ಅಂದರೆ ಏನಾಗುತ್ತೆ ಅಂತ ನನ್ನ ಫೈಲುಗಳಲ್ಲಿ ನೋಡಿದ್ದೇನೆ. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟುಗಳಿಗೆ 1950ರ ಕಾಯಿದೆ ಇದೆ, ಚ್ಯಾರಿಟಿ ಕಮಿಷನರ್ ಕಚೇರಿ ಇದೆ. ಟ್ರಸ್ಟಿ ಬದಲಾದರೆ 90 ದಿನದೊಳಗೆ ಅಲ್ಲಿಗೆ ತಿಳಿಸಬೇಕು. ಇದಕ್ಕೆ ಚೇಂಜ್ ರಿಪೋರ್ಟ್ ಅನ್ನುತ್ತೇವೆ. ವಿದ್ಯಾರ್ಥಿಗಳ ಟ್ರಸ್ಟು ಸಾಮಾನ್ಯವಾಗಿ ಸಾಯುವುದು ಈ ಒಂದು ಕಾಗದದಲ್ಲಿ. ಡಿಗ್ರಿ ಮುಗಿದು ಟ್ರಸ್ಟಿಗಳು ನಾಲ್ಕು ದಿಕ್ಕಿಗೆ ಹೋಗಿರುತ್ತಾರೆ. ಕೆಲಸ ಮಾಡುವವರು ಜೂನಿಯರುಗಳು, ದಾಖಲೆಯಲ್ಲಿ ಇರುವವರು ಸೀನಿಯರುಗಳು. ಚೇಂಜ್ ರಿಪೋರ್ಟ್ ಹಾಕಿರುವುದಿಲ್ಲ. ಬ್ಯಾಂಕಿನವರು ಹಳೆಯವರ ಸಹಿ ಕೇಳುತ್ತಾರೆ, ಹಳೆಯವರು ಫೋನ್ ಎತ್ತುವುದಿಲ್ಲ. ಖಾತೆಯಲ್ಲಿ ದುಡ್ಡಿದ್ದರೂ ಮಕ್ಕಳಿಗೆ ಪಾಟಿ ತರಲು ಆಗುವುದಿಲ್ಲ. ಟ್ರಸ್ಟ್ ಬದಲು ಸೊಸೈಟಿ ಮಾಡಿದರೆ ಕನಿಷ್ಠ ಏಳು ಜನ ಬೇಕು. ಸೆಕ್ಷನ್ 8 ಕಂಪನಿ, ಅಂದರೆ ಸೇವೆಗೆಂದೇ ಇರುವ ಕಂಪನಿ ಮಾಡಿದರೆ ಮೇಲೆ ಹೇಳಿದ ಆಡಿಟ್, ಶುಲ್ಕದ ರಾಮಾಯಣ ಇಲ್ಲೂ ಇದೆ.

"ಸಿಎಸ್‌ಆರ್ ದುಡ್ಡು ಬರುತ್ತೆ ಸರ್, ಅದಕ್ಕೇ ಬೇಗ ರಿಜಿಸ್ಟರ್ ಮಾಡಿ" ಅಂತ ಅವಸರ ಮಾಡುವವರಿದ್ದಾರೆ. ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಿಎಸ್‌ಆರ್‌ಗೆ, ಅಂದರೆ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅನ್ನುವುದು ನಿಜ. ಆದರೆ ಹೊರಗಿನ ಸಂಸ್ಥೆ ಆ ದುಡ್ಡು ಪಡೆಯಬೇಕಾದರೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿಗಳ ಜೊತೆಗೆ ಅದೇ ಥರದ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ತೋರಿಸಬೇಕು. ನೀವು ಈಗ ಎರಡನೇ ವರ್ಷ. ಮೂರು ವರ್ಷ ತುಂಬುವಾಗ ನೀವು ಇಲ್ಲಿರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸೈಟುಗಳಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಸಂಸ್ಥೆಯನ್ನು ಹುಡುಕಿ, ಅವರ ಜೊತೆ ಸೇರಿಕೊಳ್ಳಿ. ನಿಮ್ಮ ಹೆಸರಿನ ಬೋರ್ಡ್ ಇರುವುದಿಲ್ಲ, ಇರದಿದ್ದರೆ ಇರದಿರಲಿ. ನಿಮ್ಮ ಹತ್ತಿರ ಇರುವುದು ಅವರ ಹತ್ತಿರ ಬಹುಶಃ ಕಡಿಮೆ: ಕನ್ನಡ. ಯಾದಗಿರಿ, ಕಲಬುರಗಿಯಿಂದ ಬಂದ ಮಗು ಸೀದಾ ಮರಾಠಿ ಶಾಲೆಯಲ್ಲಿ ಕೂತರೆ ಬಾಯಿ ಬಿಡುವುದಿಲ್ಲ. ಟೀಚರು ದಡ್ಡ ಅಂದುಕೊಳ್ಳುತ್ತಾರೆ. ಗಣಿತ, ಇಂಗ್ಲಿಷ್ ಅಂತ ಹೋಗಬೇಡಿ. ಕನ್ನಡದಲ್ಲಿ ಮಾತಾಡಿಸುತ್ತಾ ಮರಾಠಿ ಅಕ್ಷರ ಹಿಡಿಸಿ. ಆಮೇಲೆ ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗಿ ಸೇರಿಸಿ. ವಯಸ್ಸಿನ ದಾಖಲೆ ಇಲ್ಲ, ಟಿಸಿ ಬಂದಿಲ್ಲ ಅನ್ನುವ ಕಾರಣಕ್ಕೆ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲೇ ಇದೆ. ತಂದೆ ತಾಯಿ ಇದನ್ನು ಮರಾಠಿಯಲ್ಲಿ ಹೇಳಲಾರರು, ನೀವು ಹೇಳಬಲ್ಲಿರಿ. ಕಟ್ಟಡ ಮುಗಿದ ತಕ್ಷಣ ಆ ಮನೆಯವರು ಬೇರೆ ಸೈಟಿಗೆ ಹೋಗುತ್ತಾರೆ, ಅದಕ್ಕೆ ಯಾವ ಮಗು ಎಲ್ಲಿಯವರೆಗೆ ಕಲಿತಿದೆ ಅಂತ ಒಂದು ಚೀಟಿ ಬರೆದು ತಾಯಿಯ ಕೈಗೆ ಕೊಡಿ. ಮುಂದಿನ ಸೈಟಿನಲ್ಲಿ ಕಲಿಸುವವರಿಗೆ ಅದು ಬೇಕಾಗುತ್ತೆ.

ಹೊಸ ವರ್ಷದ ಅಡ್ಮಿಷನ್ ಆದ ಕೂಡಲೇ ಮೊದಲ ವರ್ಷದವರನ್ನು ಹಿಡಿಯಿರಿ. ಮೂರನೇ ವರ್ಷದವರನ್ನು ಹಿಡಿದು ಪ್ರಯೋಜನ ಇಲ್ಲ, ಅವರು ಪ್ಲೇಸ್‌ಮೆಂಟ್ ಜ್ವರದಲ್ಲಿರುತ್ತಾರೆ. ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘದವರ ಶಾಲೆ ಇದೆ. ಅಲ್ಲಿಗೆ ಒಂದು ಸಲ ಹೋಗಿ, ಕನ್ನಡ ಮರಾಠಿ ಎರಡೂ ಬಲ್ಲ ನಿವೃತ್ತ ಮೇಷ್ಟ್ರು ಯಾರಾದರೂ ಇದ್ದಾರಾ ಅಂತ ವಿಚಾರಿಸಿ. ಎರಡು ವರ್ಷ ಹೀಗೆ ನಡೆದು, ಪುಣೆಯಲ್ಲೇ ಮನೆ ಮಾಡಿಕೊಂಡಿರುವ ಹಿರಿಯರು ಮೂರು ಜನ ಟ್ರಸ್ಟಿ ಆಗುತ್ತೇವೆ ಅಂದರೆ ಆಗ ಬನ್ನಿ, ಟ್ರಸ್ಟ್ ಮಾಡೋಣ.

ಎರಡನ್ನೂ ಒಂದರಲ್ಲೇ ಮಾಡಬಹುದಾ ಅಂತ ಕೇಳಿದ್ದೀರಿ. ಸೆಕ್ಷನ್ 8 ಕಂಪನಿ ವ್ಯಾಪಾರ ಮಾಡಬಹುದು, ಆದರೆ ಲಾಭವನ್ನು ನೀವು ಹಂಚಿಕೊಳ್ಳುವ ಹಾಗಿಲ್ಲ. ರೊಟ್ಟಿಯಿಂದ ನಿಮಗೂ ನಾಲ್ಕು ಕಾಸು ಬೇಕು ತಾನೆ? ಅದರಲ್ಲಿ ತಪ್ಪಿಲ್ಲ. ಹಾಗಾಗಿ ಬೇರೆ ಇಡಿ. ಪೊಟ್ಟಣದ ಮೇಲೆ "ಇದರ ಲಾಭ ಬಡ ಮಕ್ಕಳ ಓದಿಗೆ" ಅಂತ ಅಚ್ಚು ಹಾಕಿಸುವ ಆಸೆ ಬರುತ್ತೆ. ಎಷ್ಟು ಹೋಯಿತು ಅಂತ ಲೆಕ್ಕ ತೋರಿಸುವ ತನಕ ಅದನ್ನು ಹಾಕಬೇಡಿ. ಪಾಠಕ್ಕೆ ಅಂತ ಯಾರಾದರೂ ದುಡ್ಡು ಕೊಟ್ಟರೆ ನಿಮ್ಮ ಸ್ವಂತ ಯುಪಿಐಗೆ ಹಾಕಿಸಿಕೊಳ್ಳಬೇಡಿ. ಪುಸ್ತಕ, ಪಾಟಿ, ಚಾಪೆ ಕೊಡಿಸಿ ಅನ್ನಿ. ಅಮೆರಿಕದಲ್ಲಿರುವ ಸೋದರಮಾವನ ವಿಷಯದಲ್ಲಿ ಇನ್ನೂ ಹುಷಾರು. ಅವರ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು ಸ್ವಂತ ದುಡ್ಡು ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ವಿದೇಶಿ ದೇಣಿಗೆ, ಎಫ್‌ಸಿಆರ್‌ಎ ಅನ್ನುವ ಕಾಯಿದೆಯ ಅನುಮತಿ ಇಲ್ಲದೆ ಯಾವ ಸಂಸ್ಥೆಯೂ ಮುಟ್ಟುವಂತಿಲ್ಲ.

ಕಾಲೇಜು ಸಹಾಯ ಮಾಡುತ್ತಾ? 2019ರ ರಾಷ್ಟ್ರೀಯ ಇನ್ನೋವೇಷನ್ ಮತ್ತು ಸ್ಟಾರ್ಟಪ್ ನೀತಿಯಲ್ಲಿ ವಿದ್ಯಾರ್ಥಿಗಳಿಗೆ ಹಾಜರಾತಿ ಸಡಿಲಿಕೆ ಕೊಡಬಹುದು ಅಂತ ಇದೆ. ನಿಮ್ಮ ಕಾಲೇಜು ಅದನ್ನು ಒಪ್ಪಿಕೊಂಡಿದೆಯಾ ಕೇಳಿ. ಅದೇ ನೀತಿಯಲ್ಲಿ ಇನ್ನೊಂದು ಮಾತೂ ಇದೆ: ಕಾಲೇಜಿನ ಲ್ಯಾಬು, ದುಡ್ಡು ಬಳಸಿ ಏನಾದರೂ ಕಂಡುಹಿಡಿದರೆ ಅದರ ಹಕ್ಕಿನಲ್ಲಿ ಕಾಲೇಜಿಗೂ ಪಾಲು. ಸಿಒಇಪಿ ಇಂಜಿನಿಯರಿಂಗ್ ವಿಶ್ವವಿದ್ಯಾಲಯದಲ್ಲಿ ಭಾವು ಇನ್‌ಸ್ಟಿಟ್ಯೂಟ್, ಪಾಷಾಣ್ ಬಡಾವಣೆಯಲ್ಲಿರುವ ರಸಾಯನ ಸಂಶೋಧನಾ ಸಂಸ್ಥೆ ಎನ್‌ಸಿಎಲ್ ಆವರಣದಲ್ಲಿ ವೆಂಚರ್ ಸೆಂಟರ್ ಇವೆ. ಹೊಸ ಉದ್ಯಮಗಳಿಗೆ ನೆರವು ಕೊಡುವ ಕೇಂದ್ರಗಳು ಇವು, ಯಂತ್ರವೋ ಔಷಧವೋ ಮಾಡುವವರಿಗೆ ಚಿನ್ನದಂಥ ಜಾಗಗಳು. ರೊಟ್ಟಿ ಮಾರಲು ಅಲ್ಲಿಗೆ ಹೋಗಬೇಕಾಗಿಲ್ಲ.

ಪಾಲುದಾರಿಕೆ ಪತ್ರ ಬರೆಸುವಾಗ ಲಾಭ ಹಂಚುವ ಸಾಲನ್ನು ಎಲ್ಲರೂ ಓದುತ್ತಾರೆ, ಬಿಟ್ಟು ಹೋಗುವವರ ಸಾಲನ್ನು ಯಾರೂ ಓದುವುದಿಲ್ಲ. ನೀವು ಅದನ್ನೇ ಮೊದಲು ಬರೆಸಿ. ನಡುವೆ ಒಬ್ಬ ಹೋದರೆ ಅವನ ಪಾಲು ಹೇಗೆ ಲೆಕ್ಕ ಹಾಕುವುದು, ಎಷ್ಟು ತಿಂಗಳಲ್ಲಿ ಕೊಡುವುದು, ಹೆಸರು ಮತ್ತು ಗಿರಾಕಿಗಳ ವಾಟ್ಸಾಪ್ ಗ್ರೂಪು ಯಾರ ಹತ್ತಿರ ಉಳಿಯುತ್ತೆ. ಮನೆಯಿಂದ ತಂದ ದುಡ್ಡು ಸಾಲವೋ ಬಂಡವಾಳವೋ ಅಂತಲೂ ಬರೆಸಿ. ಅಪ್ಪಂದಿರು ಈಗ ಏನೂ ಹೇಳುವುದಿಲ್ಲ, ಆಮೇಲೆ ಖಂಡಿತ ಕೇಳುತ್ತಾರೆ.