ಗರ್ಭಿಣಿಯರ ಆರೈಕೆಯಲ್ಲಿ ಸಿಬ್ಬಂದಿಯ ಕೈತಪ್ಪು ಎಲ್ಲಿ ಆಗುತ್ತದೆ?

ಹೆಚ್ಚಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ.

ನಾಗಮಂಗಲ ಕಡೆಯ ಒಬ್ಬ ಗರ್ಭಿಣಿ ಅಂದುಕೊಳ್ಳಿ. ಊರಲ್ಲಿ ಆಶಾ ಕಾರ್ಯಕರ್ತೆ, ಆರೋಗ್ಯ ಕೇಂದ್ರದಲ್ಲಿ ನರ್ಸ್, ಸ್ಕ್ಯಾನಿಂಗ್ ಹೊರಗೆ, ಹೆರಿಗೆಗೆ ಮಂಡ್ಯ, ಕಷ್ಟವಾದರೆ ಮೈಸೂರು. ಎಷ್ಟು ಕೈ ಆಯ್ತು ನೋಡಿ! ಅವಳದು ನೆಗೆಟಿವ್ ರಕ್ತದ ಗುಂಪು. ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಅವಳಿಗೆ ಆಂಟಿ-ಡಿ ಇಂಜೆಕ್ಷನ್ ಕೊಡಬೇಕು. 'ಅಲ್ಲೇ ಕೊಟ್ಟಿರ್ತಾರೆ' ಅಂತ ಇವರು, 'ಅಲ್ಲಿ ಕೊಡ್ತಾರೆ' ಅಂತ ಅವರು. ಕೊನೆಗೆ ಯಾರೂ ಕೊಟ್ಟಿರುವುದಿಲ್ಲ. ಈ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಪೆಟ್ಟು ಬೀಳುವುದು ಮುಂದಿನ ಬಸಿರಿಗೆ. ಇಂಜೆಕ್ಷನ್ ಸಿಗದಿದ್ದರೆ ತಾಯಿಯ ದೇಹದಲ್ಲಿ ಪಾಸಿಟಿವ್ ರಕ್ತದ ವಿರುದ್ಧ ಹುಟ್ಟಿಕೊಂಡ ಪ್ರತಿಕಾಯಗಳು ಆ ಮುಂದಿನ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯಬಹುದು. ಅಷ್ಟು ಹೊತ್ತಿಗೆ ಹಳೆಯ ತಪ್ಪು ಯಾರಿಗೆ ನೆನಪಿರುತ್ತದೆ?

ಇನ್ನೊಂದು, ಕಣ್ಣಳತೆ. ಹೆರಿಗೆಯಲ್ಲಿ ಹೋದ ರಕ್ತವನ್ನು ನೋಡಿ ಅಂದಾಜು ಮಾಡಿದರೆ, ಜಾಸ್ತಿ ಹೋದಾಗಲೇ ಕಡಿಮೆ ಅನ್ನಿಸುತ್ತದೆ. ಬಟ್ಟೆ, ಹತ್ತಿ ಎಲ್ಲ ಹೀರಿಕೊಂಡಿರುತ್ತದೆ ಅಲ್ವಾ? ಅದಕ್ಕೇ ಅಳತೆಯ ಗುರುತಿರುವ ಚೀಲದಲ್ಲಿ ಹಿಡಿಯುವುದು ಒಳ್ಳೆಯದು. ಬಿಪಿಯದೂ ಇದೇ ಕತೆ: ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ತೋರಿಸುತ್ತದೆ.

ಸುಮ್ನೆ ನರ್ಸನ್ನು ಬೈದರೆ ಇದು ಸರಿಹೋಗುವುದಿಲ್ಲ ಅಂತ ನನಗನ್ನಿಸುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬರೇ ನಾಲ್ಕು ಹೆರಿಗೆ ನೋಡುತ್ತಿದ್ದರೆ ಯಾರ ನೆನಪೂ ಕೈಕೊಡುತ್ತದೆ. ನೆನಪಿನ ಕೆಲಸವನ್ನು ಕಾಗದಕ್ಕೆ ಬಿಡಬೇಕು. ಆಸ್ಪತ್ರೆ ಬದಲಾಯಿಸುವಾಗ ತಾಯಿ ಕಾರ್ಡ್ ಜೊತೆಗಿರಲಿ. ಡಿಸ್ಚಾರ್ಜ್‌ಗೆ ಮೊದಲು ಮನೆಯವರೇ ಕೇಳಬಹುದು: "ಸಿಸ್ಟರ್, ಮಗುವಿನ ರಕ್ತದ ಗುಂಪು ಯಾವುದು? ಇಂಜೆಕ್ಷನ್ ಕೊಟ್ಟಿದ್ದು ಕಾರ್ಡಲ್ಲಿ ಬರೆದಿದ್ದೀರಾ?"