ಪಕ್ಕದ ಸೀಟಿನಲ್ಲಿ ಯಾರು ಕೂರಬೇಕು?

ಪ್ರಶ್ನೆ: ನನಗೆ 43 ವರ್ಷ. ಮದುವೆಗೆ ಮುಂಚೆ ಚೆನ್ನಾಗಿಯೇ ಕಾರು ಓಡಿಸುತ್ತಿದ್ದೆ. ಆಮೇಲೆ ಗಂಡನೇ ಓಡಿಸುತ್ತಿದ್ದರಿಂದ 12 ವರ್ಷ ಸ್ಟೀರಿಂಗ್ ಮುಟ್ಟಿಲ್ಲ. ಈಗ ಅವರಿಗೆ ಬೇರೆ ಊರಿಗೆ ವರ್ಗವಾಗಿದೆ. ಅಮ್ಮನ ಆಸ್ಪತ್ರೆ, ಮಗಳ ಕ್ಲಾಸು ಎಲ್ಲ ನನ್ನ ಮೇಲೆಯೇ. ಹೋದ ತಿಂಗಳು ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಸಿಗ್ನಲ್‌ನಲ್ಲಿ ಗಾಡಿ ಆಫ್ ಆಯಿತು. ಹಿಂದೆ ಹಾರ್ನ್, ಪಕ್ಕದಲ್ಲಿ ‘ಕ್ಲಚ್ ಬಿಡು, ಕ್ಲಚ್ ಬಿಡು’ ಅಂತ ಕೂಗು. ಕೈ ನಡುಗಿಬಿಟ್ಟಿತು. ಅವತ್ತಿನಿಂದ ಕೀ ಮುಟ್ಟಿಲ್ಲ. ಈ ವಯಸ್ಸಿಗೆ ಇದೆಲ್ಲ ಬೇಡವೇನೋ?

ಉತ್ತರ: ನಿಮ್ಮ ಪತ್ರ ಓದಿ ನನಗೆ ನಿಮ್ಮ ಡ್ರೈವಿಂಗ್ ಬಗ್ಗೆ ಅಷ್ಟೇನೂ ಚಿಂತೆ ಆಗಲಿಲ್ಲ. ಪಕ್ಕದ ಸೀಟಿನ ಬಗ್ಗೆ ಆಯಿತು. ಗಾಡಿ ಆಫ್ ಆಗುವುದು ದಿನಾ ಓಡಿಸುವವರಿಗೂ ಆಗುತ್ತದೆ. ಮನೆ ಸೇರುವಷ್ಟರಲ್ಲಿ ಅವರು ಮರೆತಿರುತ್ತಾರೆ. ನಿಮಗೆ ಅದು ನೆನಪಿನಲ್ಲಿ ಉಳಿದದ್ದು ನೋಡಲು ಒಬ್ಬರು ಇದ್ದರು ಅಂತ, ಅಲ್ವಾ? ಗಾಬರಿಯಾದವರಿಗೆ ‘ಕ್ಲಚ್ ಬಿಡು’ ಅಂದರೆ ಪೂರ್ತಿ ಬಿಟ್ಟೇ ಬಿಡುತ್ತಾರೆ. ಗಾಡಿ ಆಫ್ ಆಗದೆ ಇನ್ನೇನು!

ಹಾಗಾಗಿ ಮೊದಲು ಆ ಸೀಟಿಗೆ ಬೇರೆಯವರನ್ನು ನೋಡಿ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಡೆಯೂ ಬ್ರೇಕ್ ಇರುತ್ತದೆ, ಅದಕ್ಕೇ ಅವರು ಕೂಗುವುದು ಕಡಿಮೆ. ‘ಲೈಸೆನ್ಸ್ ಇದೆ, ಅಭ್ಯಾಸ ತಪ್ಪಿದೆ’ ಅಂತ ಹೇಳಿ ಕೆಲವು ಕ್ಲಾಸ್ ತೆಗೆದುಕೊಳ್ಳಿ. ಅಂದ ಹಾಗೆ, ಆ ಲೈಸೆನ್ಸಿನ ಅವಧಿ ಮುಗಿದಿದೆಯಾ ನೋಡಿದಿರಾ? ಮುಗಿದಿದ್ದರೆ ನವೀಕರಿಸದೆ ರಸ್ತೆಗೆ ಇಳಿಯಲೇಬೇಡಿ.

ನಿಮ್ಮದೇ ಕಾರಿನಲ್ಲಿ ಒಂದು ಕೆಲಸ ಮಾಡಿ. ಸಮತಟ್ಟಾದ ಖಾಲಿ ಜಾಗದಲ್ಲಿ ಫಸ್ಟ್ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ಚನ್ನು ಮಾತ್ರ ನಿಧಾನವಾಗಿ ಬಿಡುತ್ತಾ ಬನ್ನಿ. ಒಂದು ಕಡೆ ಎಂಜಿನ್ ದನಿ ತಗ್ಗುತ್ತದೆ, ಗಾಡಿ ಸಣ್ಣಗೆ ಅದುರಿ ಮುಂದಕ್ಕೆ ಸರಿಯಲು ನೋಡುತ್ತದೆ. ಪಾದ ಅಲ್ಲೇ ನಿಲ್ಲಿಸಿ. ಅದೇ ಹಾಫ್ ಕ್ಲಚ್. ಒಂದೊಂದು ಕಾರಿನಲ್ಲಿ ಒಂದೊಂದು ಎತ್ತರಕ್ಕೆ ಸಿಗುತ್ತದೆ, ಹಳೇ ಕಾರಿನ ಲೆಕ್ಕ ಈಗಿನದಕ್ಕೆ ನಡೆಯಲ್ಲ. ಕಣ್ಣು ಕೆಳಗೆ ಹಾಕದೆ ಪಾದಕ್ಕೆ ಅದು ಸಿಗುವವರೆಗೂ ಮಾಡುತ್ತಿರಿ. ಸಿಗ್ನಲ್‌ನಲ್ಲಿ ಮತ್ತೆ ಆಫ್ ಆದರೆ ಬ್ರೇಕ್ ಒತ್ತಿಹಿಡಿಯಿರಿ, ಕ್ಲಚ್ ಪೂರ್ತಿ ಒತ್ತಿ ನ್ಯೂಟ್ರಲ್ ಮಾಡಿ, ಸ್ಟಾರ್ಟ್ ಮಾಡಿ. ಹಾರ್ನ್ ಹೊಡೆಯುವವರು ಹೊಡೆದುಕೊಳ್ಳಲಿ.

ಗೇರು, ಬ್ರೇಕು ಕೈಕಾಲಿಗೆ ಬೇಗ ವಾಪಸ್ ಬರುತ್ತವೆ. ತಡವಾಗಿ ಬರುವುದು ಕಣ್ಣಳತೆ. ಎದುರಿನ ಗಾಡಿ ಎಷ್ಟು ವೇಗದಲ್ಲಿದೆ, ಈ ಸಂದಿಯಲ್ಲಿ ನಾವು ನುಸುಳಬಹುದಾ ಅನ್ನುವ ಅಂದಾಜು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದೇ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗಿರುತ್ತದೆ, ಕಾಲು ಬ್ರೇಕಿಗೆ ಹೋಗುವ ಮುಂಚೆಯೇ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅಲ್ಲಿಗೆ ಬರಲು ಕನಿಷ್ಠ 2 ಸೆಕೆಂಡ್ ಹಿಡಿಯಬೇಕು ಅನ್ನುತ್ತಾರೆ. ನೀವು 3 ಇಟ್ಟುಕೊಳ್ಳಿ, ಮಳೆಯಲ್ಲಿ ಇನ್ನೂ ಜಾಸ್ತಿ. ಆ ಜಾಗಕ್ಕೆ ಯಾರಾದರೂ ನುಗ್ಗಿದರೆ ನುಗ್ಗಲಿ, ಇನ್ನಷ್ಟು ಹಿಂದೆ ಸರಿಯಿರಿ.

43 ಒಂದು ವಯಸ್ಸಾ? ಆದರೆ ಕಣ್ಣು ತೋರಿಸಿಕೊಳ್ಳಿ. 40 ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಮಾಮೂಲು, ಮೀಟರ್ ಓದಲು ಕಷ್ಟವಾಗಬಹುದು. ಕತ್ತಲಲ್ಲಿ ಓಡಿಸುವುದನ್ನು ಕೊನೆಗೆ ಇಟ್ಟುಕೊಳ್ಳಿ.

ಕ್ಲಾಸ್ ಮುಗಿದ ಮೇಲೆ, ಗೊತ್ತಿರುವ ದಾರಿಯಲ್ಲಿ, ಗಾಡಿಗಳು ಕಡಿಮೆ ಇರುವ ಹೊತ್ತಿನಲ್ಲಿ ಒಬ್ಬರೇ ಹೋಗಿಬನ್ನಿ. ಜಾಸ್ತಿ ದಿನ ಮುಂದೂಡಬೇಡಿ, ಬಿಟ್ಟಷ್ಟೂ ಭಯ ಬೆಳೆಯುತ್ತದೆ. ಅಮ್ಮನನ್ನು ಕೂರಿಸಿಕೊಳ್ಳುವುದು ಅದಾದ ಮೇಲೆ.

ಗಂಡನ ಜೊತೆ ಜಗಳ ಬೇಡ. ಅವರ ಕೂಗೂ ಭಯದಿಂದಲೇ ಬಂದದ್ದು, ಆ ಸೀಟಿನಲ್ಲಿ ಬ್ರೇಕ್ ಇಲ್ಲವಲ್ಲ. ‘ಸದ್ಯಕ್ಕೆ ನೀವು ಬರಬೇಡಿ, ನನಗೆ ಧೈರ್ಯ ಬಂದ ಮೇಲೆ ನಾನೇ ಕರೆಯುತ್ತೇನೆ’ ಅಂತ ಹೇಳಿ. ಕರೆದಾಗಲೂ ಮೊದಲ ಸಲ ಹಿಂದಿನ ಸೀಟಿನಲ್ಲಿ ಕೂರಿಸಿ.